ಸದಸ್ಯರು ಸಭೆಯಿಂದ ಹೊರಗಿದ್ದಾರೆ

...ಇರು, ಆ ವಿಷಯಕ್ಕೇ ಬರ್ತೀನಿ. ಅದಕ್ಕೂ ಮುಂಚೆ ಇದನ್ನ ಕೇಳು, ಊರಿಗೆ ಊರೇ ಕಂಗಾಲಾಗೋ ಸುದ್ದಿ. ನಿನ್ನೆ ಸಂಜೆ ನಮ್ಮ ನಗರಸಭೆಯ ಸುತ್ತಿಗೆ ಮುರಿದುಹೋಯಿತು. ಹೌದು ನೊಯೆಮಿ, ಮೇಯರ್ ಗಾರ್ಡನ್ ಮೇಜಿಗೆ ಕುಟ್ಟೋ ಆ ಮರದ ಸುತ್ತಿಗೆಯೇ. ಹಿಡಿ ಅವನ ಕೈಯಲ್ಲಿ ಉಳೀತು, ತಲೆ ಉರುಳಿಕೊಂಡು ಹೋಗಿ ನಮ್ಮ ಸದಸ್ಯೆ ಡಾರ್ಲೀನಳ ಕಾಲ ಹತ್ತಿರ ನಿಂತಿತು. ಸುತ್ತಿಗೆ ಇಲ್ಲದೆ ಶುರುವಾದ ಸಭೆಯನ್ನ ಸಭೆ ಅನ್ನಬಹುದಾ ಅಂತ ಚರ್ಚೆ. ನಗರಸಭೆಯ ವಕೀಲೆ ಪುಸ್ತಕ ತಿರುವಿದಳು. ಕೊನೆಗೆ, ಸದ್ಯಕ್ಕೆ ಸ್ಟೇಪ್ಲರಿನಿಂದ ಕುಟ್ಟಬಹುದು ಅಂತ ನಿರ್ಣಯ ಆಯಿತು. ಸರ್ವಾನುಮತದಿಂದ. ನಿನ್ನೆ ಸರ್ವಾನುಮತದಿಂದ ಆಗಿದ್ದು ಅದೊಂದೇ.

ನಗು ಬರಲ್ವಾ? ಬೇರೆ ದಿನ ಆಗಿದ್ದರೆ ನೀನು ಏಪ್ರನ್ನಿನಲ್ಲಿ ಬಾಯಿ ಮುಚ್ಚಿಕೊಂಡು ನಗ್ತಿದ್ದೆ.

ತಗೋ, ಕೊಲಾಚೆ ಬನ್ನು ತಂದಿದ್ದೀನಿ, ಇನ್ನೂ ಬಿಸಿ ಇದೆ. ಗಸಗಸೆ ತುಂಬಿದ್ದು ಅಮ್ಮನಿಗೆ, ಏಪ್ರಿಕಾಟಿನದು ನಿನಗೆ. ಅಮ್ಮ ಇನ್ನೂ ಎದ್ದಿಲ್ವಾ? ಮಲಗಲಿ. ನಿನ್ನೆ ಟಿವಿ ಹಾಕಿಸಿಕೊಂಡಳಾ, ನಗರಸಭೆಯ ಚಾನೆಲ್ಲು?... ಹಾಕಿಸಿಕೊಂಡೇ ಇರ್ತಾಳೆ. ಮಗ ಮಾತಾಡೋದನ್ನ ನೋಡಬೇಕು ಅಂತ ಕೂರೋದು, ಮಗ ಬಾಯಿ ತೆಗೆಯೋ ಮುಂಚೆ ಗೊರಕೆ. ಊರಿನ ಮತದಾರರಿಗೂ ಹಾಗೇ ಆಗ್ತಿರಬೇಕು, ಅದಕ್ಕೇ ಮತ್ತೆ ಮತ್ತೆ ನನ್ನನ್ನೇ ಗೆಲ್ಲಿಸ್ತಾರೆ. ನೀನು ಹೇಗೂ ಆ ಹೊತ್ತಿನಲ್ಲಿ ಇಲ್ಲಿ ಅಡುಗೆಮನೆಯಲ್ಲಿ ಇಸ್ತ್ರಿ ಮಾಡ್ತಾ ಇರ್ತೀಯ. ಒಳ್ಳೆಯದಾಯಿತು. ಅಂದರೆ... ಆ ಮಾತುಗಳನ್ನೆಲ್ಲ ನೀನು ಕೇಳೋ ಅವಶ್ಯಕತೆ ಏನಿತ್ತು ಅಂತ.

ಸಭೆಗೆ ಬರಬೇಡ ಅಂತ ನಾನು ಹೇಳಿದ್ದು ಅದಕ್ಕೇ. ಸರಿಯಾಗಿಯೇ ಹೇಳಿದೆ. ಕಾಲಿಡೋಕೆ ಜಾಗ ಇರಲಿಲ್ಲ. ಮಾಂಸದ ಪ್ಲಾಂಟಿನ ಮೊದಲ ಪಾಳಿ ಮುಗಿಸಿದವರು ಬೂಟಿನಲ್ಲೇ ಬಂದು ಗೋಡೆಗೆ ಒರಗಿ ನಿಂತಿದ್ದರು. ಪ್ಲಾಂಟಿನ ಮ್ಯಾನೇಜರ್ ಸಾಹೇಬರೂ ಬಂದಿದ್ದರು, ಕೊನೇ ಸಾಲಿನಲ್ಲಿ. ತನ್ನ ಕೆಲಸದವರಲ್ಲಿ ಅರ್ಧ ಜನ ಎಲ್ಲಿಂದ ಬಂದವರು ಅಂತ ಆತನಿಗೆ ಗೊತ್ತು, ಆತನಿಗೆ ಗೊತ್ತು ಅಂತ ನಮಗೆಲ್ಲ ಗೊತ್ತು. ಇಡೀ ಸಂಜೆ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಂತ್ಯಕ್ರಿಯೆಗೆ ಬಂದ ದೂರದ ನೆಂಟನ ಹಾಗೆ.

ಕಾಯ್ದೆ ಏನು ಅಂತ ನಿನಗೆ ಹೇಳಬೇಕಾಗಿಲ್ಲ. ಆದರೆ ನಮ್ಮ ಸದಸ್ಯರಿಗೆ ವಕೀಲೆ ಮಕ್ಕಳಿಗೆ ಹೇಳೋ ಹಾಗೆ ಹೇಳಬೇಕಾಯಿತು. ನಮ್ಮೂರ ಪೊಲೀಸರು ಯಾರನ್ನಾದರೂ ಸಣ್ಣ ವಿಷಯಕ್ಕೆ ಹಿಡೀತಾರೆ ಅಂತ ಇಟ್ಟುಕೊಳ್ಳಿ ಅಂದಳು. ಕಾರಿನ ಹಿಂದಿನ ಲೈಟು ಒಡೆದಿದೆ, ಲೈಸೆನ್ಸ್ ಇಲ್ಲ. ನ್ಯಾಯಾಧೀಶರ ವಾರಂಟ್ ಇಲ್ಲದೆ ಅವನನ್ನ ಫೆಡರಲ್‌ನ ವಲಸೆ ಇಲಾಖೆಯವರ ಕೈಗೆ ಕೊಡೋ ಹಾಗಿಲ್ಲ, ಇಷ್ಟೇ ಈ ಕಾಯ್ದೆ. ಹೆಸರು ಹೇಳಲಿಲ್ಲ ಅವಳು, ಜಾಣೆ. ಆದರೆ ಲಾಕಪ್ಪಿನಲ್ಲಿ ಆ ಲೆಕ್ಕದಲ್ಲಿ ಕೂತಿರೋನು ಸದ್ಯಕ್ಕೆ ಒಬ್ಬನೇ ಅಂತ ಎಲ್ಲರಿಗೂ ಗೊತ್ತಿತ್ತು. ಪಾಸಾಗಿದ್ದರೆ ನಿನ್ನ ಗಂಡ ಎವರಿಸ್ತೊ ಇವತ್ತು ದಂಡ ಕಟ್ಟಿ ಊಟದ ಹೊತ್ತಿಗೆ ಮನೆಯಲ್ಲಿರ್ತಿದ್ದ.

ಪಾಸಾಗಲಿಲ್ಲ. ಅದನ್ನ ನೀನು ಆಗಲೇ ಕೇಳಿರ್ತೀಯ. ಊರಲ್ಲಿ ಸುದ್ದಿ ಓಡಿರುತ್ತೆ.

ಆದರೆ ಹೇಗೆ ಬಿತ್ತು ಅಂತ ಕೇಳು, ಹೊಟ್ಟೆ ಉರಿಯುತ್ತೆ. ಸಾರ್ವಜನಿಕರಿಗೆ ತಲಾ ಎರಡು ನಿಮಿಷ. ಸಮಯ ನೋಡೋಕೆ ಗಾರ್ಡನ್ ಮನೆಯಿಂದ ಮೊಟ್ಟೆ ಬೇಯಿಸೋ ಗಡಿಯಾರ ತಂದಿದ್ದ, ಕೋಳಿಯ ಆಕಾರದ್ದು. ನಿಮ್ಮ ಪಾದ್ರಿ ಅಪರಿಚಿತರನ್ನ ಆದರಿಸಿ ಅಂತ ಶುರುಮಾಡಿದರು, ಕೋಳಿ ಕೂಗ್ತು. ಒಬ್ಬ ಹೆಂಗಸು ತನ್ನ ಬೀದಿಯಲ್ಲಿ ಕಾರು ನಿಲ್ಲಿಸೋಕೆ ಜಾಗ ಇಲ್ಲ, ಅದಕ್ಕಾಗಿ ಈ ಕಾಯ್ದೆ ಬೇಡ ಅಂದಳು. ಅವಳಿಗೆ ಎರಡು ನಿಮಿಷ ಸಾಲಲಿಲ್ಲ, ಇನ್ನೊಬ್ಬರು ತಮ್ಮ ಸಮಯ ಬಿಟ್ಟುಕೊಟ್ಟರು.

ಆಮೇಲೆ ನಮ್ಮ ಸರದಿ. ಡಾರ್ಲೀನ್ ಕಣ್ಣೀರು ಹಾಕಿದಳು. ನನಗೆ ಈ ಜನರ ಮೇಲೆ ತುಂಬಾ ಪ್ರೀತಿ, ನನ್ನ ಮನೆ ಗುಡಿಸೋಳು ನನಗೆ ತಂಗಿ ಇದ್ದ ಹಾಗೆ, ಕ್ರಿಸ್ಮಸ್ಸಿಗೆ ಅವಳು ತರೋ ತಮಾಲೆ ಕಡುಬು ಇಲ್ಲದೆ ನಮಗೆ ಹಬ್ಬವೇ ಇಲ್ಲ ಅಂದಳು. ಇಷ್ಟೆಲ್ಲ ಹೇಳಿ, ಆದ್ದರಿಂದ ನಾನು ವಿರುದ್ಧ ಅಂದಳು. ಆ 'ಆದ್ದರಿಂದ' ಎಲ್ಲಿಂದ ಬಂತೋ ಯಾರೂ ಕೇಳಲಿಲ್ಲ. ಡೆಲ್ಬರ್ಟ್ ಎದ್ದು, ಈ ಕಾಯ್ದೆ ಬಂದರೆ ಚಳಿಗಾಲದಲ್ಲಿ ರಸ್ತೆಯ ಹಿಮ ತೆಗೆಯೋ ಕೆಲಸಕ್ಕೆ ತೊಂದರೆ ಆಗುತ್ತಾ ಅಂತ ಕೇಳಿದ. ಪೊಲೀಸ್ ಚೀಫ್ ಇಲ್ಲ ಅಂದ. ಹಾಗಾದರೆ ಯಾಕೆ ಬೇಕು ಅಂದ ಡೆಲ್ಬರ್ಟ್. ನಮ್ಮೂರಲ್ಲಿ ಎಲ್ಲರೂ ಅವನನ್ನ ಆಳವಾಗಿ ಯೋಚಿಸೋ ಮನುಷ್ಯ ಅಂತಾರೆ.

ಗಾರ್ಡನ್ ತನ್ನ ಅಜ್ಜನ ಕಥೆ ತೆಗೆದ. ಬೊಹೀಮಿಯಾದಿಂದ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದ, ಕಾನೂನಿನ ಪ್ರಕಾರ ಬಂದ ಅಂತ. ನನ್ನ ಅಜ್ಜನೂ ಅದೇ ಹಡಗಲ್ಲಿ ಬಂದವನು. ಆಗ ಇದ್ದ ಕಾನೂನು ಏನು ಅಂದರೆ, ಹಡಗಿನಿಂದ ಇಳಿಯುವಾಗ ಕೆಮ್ಮಬಾರದು. ಇಬ್ಬರೂ ಕೆಮ್ಮಲಿಲ್ಲ. ದೊಡ್ಡ ದೇಶಭಕ್ತರು.

ಯಾಕೆ ಕಿಟಕಿ ಕಟ್ಟೆ ಖಾಲಿ ಮಾಡ್ತಿದ್ದೀಯ? ಗಾಜು ಒರೆಸ್ತೀಯಾ? ಇವತ್ತೊಂದು ದಿನ ಬಿಡು ಮಾರಾಯ್ತಿ, ಕೂತುಕೋ. ಆ ಮಾತೆ ಮರಿಯಳ ಪಟ ಅಲ್ಲೇ ಇರಲಿ, ಅಮ್ಮನಿಗೂ ಅದು ಅಭ್ಯಾಸ ಆಗಿದೆ.

ಕೊನೆಗೆ ಮತಕ್ಕೆ ಹಾಕಿದರು. ಮೂವರು ಬೇಡ ಅಂದರು: ಗಾರ್ಡನ್, ಡಾರ್ಲೀನ್, ಡೆಲ್ಬರ್ಟ್. ಮೂವರು ಬೇಕು ಅಂದರು. ಸಮ ಬಂದರೆ ಬಿದ್ದ ಹಾಗೆ, ನಮ್ಮಲ್ಲಿ ನಿಯಮ ಅದು. ಮೂವರು ಮಹಾಶಯರಿಂದ ಇಡೀ ಊರಿನ ಮಾನ ಹೋಯಿತು.

ಏನು? ಯಾಕೆ ಹಾಗೆ ನೋಡ್ತೀಯ?

ಹೌದು. ಮೂರು, ಮೂರು, ಆರು. ಹೌದು, ನಾವು ಏಳು ಜನ. ಲೆಕ್ಕ ನನಗೂ ಬರುತ್ತೆ, ಮೂವತ್ತು ವರ್ಷದಿಂದ ಹಾರ್ಡ್‌ವೇರ್ ಅಂಗಡಿ ನಡೆಸ್ತಿದ್ದೀನಿ.

ನೋಡಮ್ಮ, ಅದು ಒಂದು ಕ್ರಮ. ನಿನಗೆ ಗೊತ್ತಿರಲ್ಲ, ನಗರಸಭೆಯಲ್ಲಿ ಒಂದು ಕ್ರಮ ಇದೆ. ಚರ್ಚೆಗೆ ಬಂದ ವಿಷಯದಲ್ಲಿ ಸದಸ್ಯನಿಗೆ ಸ್ವಂತ ಹಿತ ಏನಾದರೂ ಇದ್ದರೆ, ಅವನು ಮತ ಹಾಕಬಾರದು. ಎದ್ದು ಹೊರಗೆ ಹೋಗಬೇಕು, ಮತ ಮುಗಿಯೋವರೆಗೂ. ರಸ್ತೆ ಕಾಂಟ್ರಾಕ್ಟು ಅಳಿಯನಿಗೆ ಸಿಗೋ ಹಾಗಿದ್ದರೆ ಮಾವ ಎದ್ದು ಹೋಗಬೇಕಲ್ವಾ, ಹಾಗೆ. ಅಳಿಯನ ಕಾಂಟ್ರಾಕ್ಟಿಗೆ ಗಾರ್ಡನ್ ಎಂದೂ ಎದ್ದು ಹೋಗಿಲ್ಲ, ಆ ಮಾತು ಬೇರೆ. ನಾನು ಹಾಗಲ್ಲ. ನೀನು ನಮ್ಮ ಮನೆಯಲ್ಲಿ ಕೆಲಸ ಮಾಡ್ತೀಯ. ನಿನ್ನ ಗಂಡನ ವಿಷಯ. ಅದು ನನ್ನ ಹಿತ ಅಲ್ದೆ ಇನ್ನೇನು? ನಾಳೆ ಯಾರಾದರೂ ಬೆರಳು ತೋರಿಸಬಾರದು. ಕಾರಿಡಾರಿಗೆ ಹೋದೆ. ಹಳೇ ಮೇಯರುಗಳ ಫೋಟೋ ಕೆಳಗೆ ನಿಂತು ನೀರು ಕುಡಿದೆ. ಬಾಗಿಲು ಮುಚ್ಚಿತ್ತು. ಒಳಗೆ ಸ್ಟೇಪ್ಲರ್ ಕುಟ್ಟಿದ್ದು ಕೇಳಿಸ್ತು.

ಅಷ್ಟೇ ಆಗಿದ್ದು. ಕಾನೂನು ಹಾಗೆ ಹೇಳುತ್ತೆ, ನಾನೇನು ಮಾಡಲಿ.

ಟಿವಿ ಕಡೆ ಯಾಕೆ ನೋಡ್ತಿದ್ದೀಯ?

...ನೀನು ನೋಡಿದೆಯಾ? ಅಮ್ಮನ ಜೊತೆ ಕೂತು? ಪೂರ್ತಿನಾ?

ನೋಡು, ಎದ್ದು ಹೋಗುವಾಗ ಕಾರಣ ಹೇಳಬೇಕು, ಅದೂ ನಿಯಮವೇ. ಮೈಕಿನಲ್ಲಿ, ಎಲ್ಲರಿಗೂ ಕೇಳೋ ಹಾಗೆ. ಸುಮ್ಮನೆ ಎದ್ದು ಹೋದರೆ ಮೂತ್ರಕ್ಕೆ ಹೋದ ಅಂತಾರೆ. ನಾನು ಹೇಳಿದ್ದು ಬರೀ... ಹೌದು, ಹೆಸರು ಹೇಳಿದೆ. ನೊಯೆಮಿ ಅಂತ. ನನ್ನ ತಾಯಿಯನ್ನ ನೋಡಿಕೊಳ್ತಾಳೆ ಅಂತ. ಎಲ್ಮ್ ಬೀದಿಯ ಮನೆಯಲ್ಲಿ ಅಂತಲೂ ಅಂದೆನಾ? ಇರಬಹುದು. ಈ ದೇಶದಲ್ಲಿರೋಕೆ ಕಾಗದ ಇಲ್ಲ ಅಂತ ನಾನು ಹೇಳಲಿಲ್ಲ. ಆಕೆಯ ಪರಿಸ್ಥಿತಿಯೂ ಗಂಡನ ಹಾಗೇ ಅಂದೆ, ಅಷ್ಟೇ. ಹೊಗಳಿ ಹೇಳಿದೆ ನಿನ್ನನ್ನ, ಅದನ್ನೂ ಕೇಳಿರಬೇಕಲ್ಲ. ನಮ್ಮ ಮನೆಯವಳೇ ಅಂದೆ. ಜನ ಚಪ್ಪಾಳೆ ಕೂಡ ತಟ್ಟಿದರು. ಪ್ರಾಮಾಣಿಕ ಮನುಷ್ಯ ಅಂತ ಡಾರ್ಲೀನ್ ಕೈ ಹಿಡಿದಳು.

ಬೈಯಬೇಕಾದರೆ ಬೈದುಬಿಡು, ನಿಮ್ಮ ಭಾಷೆಯಲ್ಲೇ ಬೈ. ಅಮ್ಮನಿಗೆ ಅರ್ಥ ಆಗಲ್ಲ, ನನಗೆ ಅಭ್ಯಂತರ ಇಲ್ಲ.

ವಕೀಲೆ ಏನಂದಳು ಅಂತಾನಾ? ಅದೂ ಟಿವಿಯಲ್ಲಿ ಬಂತಾ? ಮೈಕು ಆರಿಸಿದ್ದೆ ಅಂದುಕೊಂಡಿದ್ದೆ.

ಅವಳು ಅನ್ನೋದು ಬಿಡು. ಈ ಕಾಯ್ದೆಯಿಂದ ನಿಮಗೆ ಏನಾದರೂ ಲಾಭ ಇದೆಯಾ ಲಿಯೊ ಅಂದಳು. ಇಲ್ಲ ಅಂದೆ. ಹಾಗಾದರೆ ಎದ್ದು ಹೋಗಬೇಕಾಗಿಲ್ಲ, ಕೂತು ಮತ ಹಾಕಿ ಅಂದಳು. ಅವಳು ಹೇಳಿದ್ದು ಪುಸ್ತಕದಲ್ಲಿರೋದು. ನನಗೆ ಆತ್ಮಸಾಕ್ಷಿ ಅಂತ ಒಂದು ಇದೆಯಲ್ಲ. ಜೊತೆಗೆ ನವೆಂಬರಿನಲ್ಲಿ ಚುನಾವಣೆಯೂ ಇದೆ, ಇಲ್ಲ ಅನ್ನಲ್ಲ. ಬೇಕು ಅಂತ ಮತ ಹಾಕಿದರೆ ಅಂಗಡಿಗೆ ಬರೋ ಅರ್ಧ ಜನ ಬರಲ್ಲ. ಬೇಡ ಅಂತ ಹಾಕಿದರೆ ಬೆಳಗಾದರೆ ನಿನ್ನ ಮುಖ ನೋಡಬೇಕು. ಎದ್ದು ಹೋದವನ ಮೇಲೆ ಮಾತ್ರ ಯಾರಿಗೂ ಸಿಟ್ಟು ಬರಲ್ಲ, ನಾನು ನೋಡಿದ ಮಟ್ಟಿಗೆ. ನಿನ್ನೆವರೆಗೆ.

ಆ ಚೀಲದಲ್ಲಿ ಏನು ಹಾಕ್ತಿದ್ದೀಯ? ಚಪ್ಪಲಿ... ನಿನ್ನ ಲೋಟ. ನೊಯೆಮಿ, ನೊಯೆಮಿ, ಒಂದು ನಿಮಿಷ. ಅಮ್ಮನಿಗೆ ಎದ್ದ ಕೂಡಲೇ ಮಾತ್ರೆ ಯಾರು ಕೊಡ್ತಾರೆ? ಸ್ನಾನ ಮಾಡಿಸೋಕೆ ನನ್ನನ್ನ ಮುಟ್ಟೋಕೂ ಬಿಡಲ್ಲ ಅವಳು, ಮಗ ಅಂತ ನಾಚಿಕೆ. ಎಲ್ಲಿಗೆ ಹೋಗ್ತೀಯ ನೀನು? ಯಾರ ಮನೆಗೆ?

ಇಲ್ಲ, ಹೇಳಬೇಡ. ನನಗೆ ಹೇಳದೆ ಇರೋದೇ ವಾಸಿ. ಯಾರಾದರೂ ಬಂದು ಕೇಳಿದರೆ ಮತ್ತೆ ಕಾನೂನು ನೆನಪಾಗಿಬಿಡುತ್ತೆ ನನಗೆ.

ಪೂರ್ತಿ ಹೋಗಬೇಡ. ಎರಡು ದಿನ ಬಿಟ್ಟು ನೋಡೋಣ. ಗಾರ್ಡನ್‌ನ ಜೊತೆ ಮಾತಾಡ್ತೀನಿ. ಮುಂದಿನ ಸಭೆಯಲ್ಲಿ ಇನ್ನೊಮ್ಮೆ ತರಬಹುದು, ಆಗ ನಾನು ಕುರ್ಚಿ ಬಿಟ್ಟು ಏಳಲ್ಲ, ಬೇಕಾದರೆ ಅಮ್ಮನ ಮೇಲೆ ಆಣೆ ಇಡ್ತೀನಿ. ಅಷ್ಟರಲ್ಲಿ ಎವರಿಸ್ತೊಗೆ ಒಬ್ಬ ಒಳ್ಳೆ ವಕೀಲನನ್ನ...

ಯಾರಿಗೆ ಫೋನು? ಲಾಕಪ್ಪಿಗಾ?

ಮಾಡಬೇಡ. ಫೋನು ಕೆಳಗಿಡು. ಈಗ ಅಲ್ಲಿ ಮಾತಾಡಿ ಏನೂ...

ನೀನು ಎಲ್ಲ ನೋಡಿದ್ದೀಯ, ಇನ್ನು ನಾನು ಹೇಳೋದು ಏನು ಉಳಿದಿದೆ. ಇದೊಂದು ಟಿವಿಯಲ್ಲಿ ಬರಲಿಲ್ಲ. ಚೀಫ್ ನನಗೆ ಬೆಳಿಗ್ಗೆಯೇ ಫೋನ್ ಮಾಡಿದ್ದ. ಕಾಯ್ದೆ ಬಿದ್ದ ಮೇಲೆ ಕಾಯೋಕೆ ಕಾರಣ ಇರಲಿಲ್ಲ ಅಂದ. ಒಳಗೆ ಬಂದ ಕೂಡಲೇ ಹೇಳಬೇಕು ಅಂದುಕೊಂಡೇ ಬಂದೆ.

ಆರು ಗಂಟೆಗೆ ಫೆಡರಲ್‌ನವರ ವ್ಯಾನು ಬಂತು. ಎವರಿಸ್ತೊನನ್ನ ಒಪ್ಪಿಸಿದರು.