ಅಕ್ಕ-ತಂಗಿ ಜಲಪಾತ ನೋಡಿ ಬಂದವರು

ಬಾದಾಮಿ ಬಸ್ ನಿಲ್ದಾಣದಲ್ಲಿ ಇಳಕಲ್ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅರವತ್ತು ದಾಟಿದ ಇಬ್ಬರು ಗೆಳತಿಯರು ಕುಳಿತಿದ್ದರು. ಹಿಂದೆ ಹುನಗುಂದದ ಶಾಲೆಯೊಂದರಲ್ಲಿ ಜೊತೆಯಾಗಿ ಪಾಠ ಹೇಳಿದವರೆಂದು ಅವರ ಮಾತಿನಿಂದಲೇ ತಿಳಿಯಿತು. ಜೈನಬಿ ಇಳಕಲ್ಲಿಗೆ ಮರಳುವವರಿದ್ದರು. ಬಾದಾಮಿಯ ಗುರುಲಿಂಗವ್ವ ಬಸ್ ಹತ್ತಿಸಲು ಬಂದಿದ್ದರು.

“ಅಕ್ಕ-ತಂಗಿ ಫಾಲ್ಸ್ ಇಷ್ಟು ಜೋರ ಬೀಳೂದು ನಾ ನೋಡಿದ್ದಿಲ್ಲ,” ಎಂದರು ಜೈನಬಿ. “ಆದ್ರ ನೀ ಹತ್ತು ಹೆಜ್ಜಿಗೊಮ್ಮೆ ಕುಂದರ್ತಿದ್ದಿ. ಅಷ್ಟು ಹಟ ಮಾಡಿ ಯಾಕ ಹತ್ತಿದಿ?”

“ಸೋಮವಾರ ಬಾಗಲಕೋಟಿ ದವಾಖಾನ್ಯಾಗ ಮೊಣಕಾಲಿನ ಆಪರೇಷನ್ ಐತಿ. ಅದಕ್ಕೂ ಮೊದಲ ನಿನ್ನ ಜೋಡಿ ಒಮ್ಮೆ ಹೋಗಿ ಬರಬೇಕನಿಸ್ತು.”

“ಎರಡು ದಿನ ನಿನ್ನ ಮನ್ಯಾಗ ಇದ್ದೆ. ಒಂದು ಮಾತು ಹೇಳಲಿಲ್ಲಲ್ಲ.”

“ಹೇಳಿದ್ರ ನೀ ಗುಡ್ಡ ಹತ್ತಾಕ ಬಿಡ್ತಿದ್ದಿಲ್ಲ.”

“ಖರೆ, ಬಿಡ್ತಿದ್ದಿಲ್ಲ.”

ಜೈನಬಿ ಗೆಳತಿಯ ಮೊಣಕಾಲಿನ ಮೇಲೆ ಕೈಯಿಟ್ಟರು.

“ಅಂಜಿಕಿ ಆಗೇತೇನು?”

“ಮುಂಜಾನಿ ತನಕ ಭಾಳ ಇತ್ತು. ಆ ನೀರಿನ ಮುಂದ ನಿನ್ನ ಕೈ ಹಿಡಕೊಂಡು ನಿಂತಾಗ ಮರ್ತೇಬಿಟ್ಟೆ.”

ಇಳಕಲ್ ಬಸ್ಸು ಬಂತು. ನಾನು ಎದ್ದೆ. ಜೈನಬಿ ಏಳಲಿಲ್ಲ, ಮಗನಿಗೆ ಫೋನ್ ಹಚ್ಚಿದರು.

“ನಾಸೀರ, ನಾ ಇನ್ನ ಹದಿನೈದು ದಿನ ಬರೂದಿಲ್ಲಪಾ. ಗುರುಲಿಂಗವ್ವನ ಕಾಲಿನ ಆಪರೇಷನ್ ಐತಿ. ಅಕಿ ಜೋಡಿ ಇರ್ತೇನಿ.”

ಗುರುಲಿಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡರು.

“ಎರಡೇ ಸೀರಿ ತಂದೀಯಲ್ಲ, ಜೈನಬಿ.”

“ನಿನ್ನವ ಉಡ್ತೇನಿ. ಏಳು, ಮನಿಗೆ ಹೋಗೂಣು.”

ನಾನು ಬಸ್ಸಿನ ಕಿಟಕಿಯಿಂದ ನೋಡಿದೆ. ಜೈನಬಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಗೆಳತಿಯ ತೋಳು ಹಿಡಿದು ನಿಧಾನವಾಗಿ ರಸ್ತೆ ದಾಟುತ್ತಿದ್ದರು.