ದಾಮರಗಿದ್ದ ತಿರುವಿನ್ಯಾಗ ನಿಂತಾಕಿ

...ಸೈಕಲ್ ಅಲ್ಲೇ ಇರ್ಲಿ ಬಿಡಕ್ಕಾ, ಕಟ್ಟಿಗೆ ಆನಿಸೀನಿ, ಬೀಳಂಗಿಲ್ಲ. ನೀ ಏಳಬ್ಯಾಡ. ರೊಟ್ಟಿ ಬಡಿ ನೀ, ಬಡಿ. ನಾ ಇಲ್ಲೇ ಹೊಸ್ತಿಲ ಮ್ಯಾಲ ಕುಂದರ್ತೀನಿ... ಏನು, ಕುಂದರಬಾರದಾ? ಆತು, ಈಚಿಗೆ ಸರದೆ. ಸಾಕಾ? ಅಲ್ಲ, ಹಂಗ್ಯಾಕ ನೋಡ್ತಿ? ತಮ್ಮ ಬಂದಾನ, ಒಂದ್ ವರ್ಷದ ಮ್ಯಾಲ ಬಂದಾನ. ಕುರುಮಯ್ಯಾ, ಬಂದಿ ಏನಪಾ ಅಂತ ಕೇಳಂಗಿಲ್ಲೇನು? ಇಲ್ಲಾ?... ಇರ್ಲಿ. ಸಿಟ್ಟೈತಿ. ಗೊತ್ತೈತಿ ನಂಗ.

ಮಾವ ಎಲ್ಲಿ? ಹೊಲಕ್ಕಾ? ಛಲೋ ಆತು. ನಿನ್ನ ಗಂಡ ಖರೆ, ಆದ್ರ ಮಾಳಿಂಗಪ್ಪ ಮಾವ ಎದುರಿಗಿದ್ರ ನಂಗ ಬಾಯಿ ತೆರಿಯಾಕ ಬರಂಗಿಲ್ಲ. ನಿನ್ನ ಮುಂದಾದ್ರ ನಡೀತೈತಿ. ನೀ ಅಕ್ಕ. ನೀ ಎತ್ತಿ ಆಡ್ಸಿದಾಕಿ.

ನೋಡಿಲ್ಲಿ, ಇವು ಚೀಲ. ಮುಂದ ಹ್ಯಾಂಡಲಿಗೆ ಒಂದು, ಸೀಟಿನ ಹಿಂದ ಒಂದು, ನಡು ಚೌಕಟ್ಟಿನ್ಯಾಗ ಒಂದು. ಮಕ್ತಲ್‌ದಾಗ ಲಾರಿಗೆ ತಾಡಪತ್ರಿ ಹೊಲಿಯಾಂವನ ಕಡೆ ಹೊಲಿಸೀನಿ. ಪ್ಯಾಟಿ ಮಂದಿ ಪರದೇಶದಿಂದ ತರಸ್ತಾರ, ನಂದು ತಾಡಪತ್ರಿ. ಮಳಿ ಬರ್ಲಿ, ಗಾಳಿ ಬರ್ಲಿ, ಒಂದ್ ಹನಿ ಒಳಗ ಹೋಗಂಗಿಲ್ಲ. ಇದು ತಲಿ ದೀಪ, ಚಕ್ರ ತಿರುಗಿದ್ರ ತಾನ ಹತ್ತತೈತಿ. ಈ ಟೈರಿನ ಒಳಗ ಹಾಲಿನಂಥಾದ್ದು ಒಂದು ಅದಾ, ಮುಳ್ಳು ಚುಚ್ಚಿದ್ರ ತಾನ ಬಂದು ತೂತು ಮುಚ್ಚತೈತಿ. ಹೋದ ವರ್ಷ ಸಣ್ಣ ಟೈರ್ ಹಾಕಿದ್ದೆ, ಓಡ್ತೈತಿ ಅಂತ. ಈ ಸಲ ಅಗಲಂದು. ಕಲ್ಲಿನ ದಾರಿಗೆ ಅಗಲಂದ ಬೇಕು, ಬುದ್ಧಿ ಬಂತು. ಇದು ಚಾಕು, ಇದು ಚೈನಿನ ಕೊಂಡಿ, ಇದು ಹಲ್ಲು ತಿಕ್ಕೂ ಬ್ರಷ್...

ಯಾಕ ನಗ್ತಿ? ಅರ್ಧಾ ಕತ್ತರಿಸೀನಿ, ಹೌದು! ಹಿಡಿ ಯಾತಕ್ಕ ಬೇಕು? ತಿಕ್ಕಾಕ ಹಲ್ಲಿನ ಕಡಿ ಇದ್ರ ಸಾಕು. ನಗಬ್ಯಾಡಕ್ಕಾ, ಈ ಸೈಕಲ್ ರೇಸಿನ್ಯಾಗ ಒಂದೊಂದ್ ಗ್ರಾಮೂ ಲೆಕ್ಕಾನ. ಎಲ್ಲಾ ಕಾಯಿಪಲ್ಯದ ತಕ್ಕಡ್ಯಾಗ ಇಟ್ಟು ತೂಗೀನಿ. ...ಸದ್ಯ, ನಕ್ಕಿ. ಮಾತಿಲ್ಲದಿದ್ರೂ ನಗು ಬಂತು.

ಕಂಬಳಿನಾ? ಅದ ಕೇಳ್ತಿ ಅಂತ ಗೊತ್ತಿತ್ತು, ಅದರ ಮ್ಯಾಲ ಕಣ್ಣಿಟ್ಟಿ. ಅಪ್ಪಂದ. ಎರಡು ಕಿಲೋ ಭಾರ. ರೇಸಿಗಿಳದ ಆ ವಿಜಯ್ ಹೋದ ವರ್ಷ ಇದನ್ನ ನೋಡಿ ನಕ್ಕಿದ್ದ, ‘ಏಂದನ್ನಾ, ಗೊರ್ರೆಲು ಕಾಯಾನಿಕಿ ಪೋತುನ್ನಾವಾ?’ ಅಂತ. ಕುರಿ ಕಾಯಾಕ ಹೊಂಟೀಯೇನು ಅಂತ! ಹೌದಲೇ, ಕುರಿ ಕಾಯೋರ ನಾವು. ನಮ್ಮಪ್ಪ ಕುರಿ ಹಿಂಡು ಕಟಗೊಂಡು ಕೃಷ್ಣಾ ದಾಟಿ ಆರಾರ ತಿಂಗಳು ಹೋಗ್ತಿದ್ದ. ಏನು ಒಯ್ತಿದ್ದ? ಕಂಬಳಿ, ಕೋಲು, ಬುತ್ತಿ. ಅವನ್ನ ಯಾರು ಕೇಳಿದ್ರು ಎಷ್ಟು ಗ್ರಾಮು ಅಂತ? ಹಾಸಾಕ ಅದ, ಹೊದಿಯಾಕ ಅದ, ಮಳಿ ಬಂದ್ರ ತಲಿ ಮ್ಯಾಲ ಕೊಪ್ಪಿನೂ ಅದ. ಹೋದ ಸಲ ನಾಚಿ ಬಿಟ್ಟು ಹೋಗಿದ್ದೆ, ಈ ಸಲ ಒಯ್ತೀನಿ. ಅಂವ ನೋಡ್ಲಿ. ಅಂವ ನೋಡ್ಕೋತನ ಹಿಂದ ಬೀಳ್ಲಿ.

ವಿಜಯ್! ಹೆಸರು ತಗೊಂಡ್ರ ಬಾಯಿ ಮುಕ್ಕಳಿಸಬೇಕು. ಗದ್ವಾಲ್‌ದಾಗ ಸೀರಿ ಅಂಗಡಿ, ಮೂರು ಸೈಕಲ್, ಬಣ್ಣಬಣ್ಣದ ಚಡ್ಡಿ. ಅಕ್ಕಾ, ಒಂದ್ ವರ್ಷದಾಗ ಅವನ್ನ ನೆನಸದ ನಾ ಒಂದ್ ದಿನ ಪೆಡಲ್ ತುಳದಿಲ್ಲ. ಮುಂಜಾನಿ ಎದ್ದು ಜೂರಾಲ ಡ್ಯಾಮ್ ತನಕ ಹೋಗಿ ಬರ್ತೀನಿ, ಪ್ರತಿ ತುಳಿತಾನೂ ಅವನ ಎದಿ ಮ್ಯಾಲ. ನನ್ನ ಅಂಗಡ್ಯಾಗ ಪಂಚರ್ ಹಾಕೂವಾಗ ಸುದ್ದಾ, ಅವನ ತುಟಿಗೆ ಸೊಲ್ಯೂಷನ್ ಹಚ್ಚಿ ಅಂಟಿಸ್ದಂಗ ಅನಸ್ತೈತಿ. ಹುಚ್ಚು ಅಂತಿ? ಅನ್ನು. ನನ್ನ ಇಜ್ಜತ್ ತಗದಾಂವ ಅಂವ.

ನೀನ ಹೇಳು. ಸಾವಿರ ಕಿಲೋಮೀಟರ್ ದಾರಿ. ಗದ್ವಾಲ್ ಕೋಟಿ ಮುಂದಿಂದ ಹೊಂಟು, ಗೋವಾದ ಸಮುದ್ರಕ್ಕ ಚಕ್ರ ತೊಯ್ಸಿ, ಯಾದಗಿರಿ, ಗುರುಮಠಕಲ್, ನಿಮ್ಮ ದಾಮರಗಿದ್ದ, ನಾರಾಯಣಪೇಟಿ, ನಮ್ಮ ಮಕ್ತಲ್ ದಾಟಿ ವಾಪಸ್ ಗದ್ವಾಲಿಗೆ. ಯಾರ ಸಹಾಯನೂ ತಗೊಳಂಗಿಲ್ಲ. ಅಂಗಡ್ಯಾಗ ಎಲ್ಲಾರಿಗೂ ಸಿಗೂದು ಕೊಂಡು ತಿನ್ನಬಹುದು, ಆದ್ರ ಪರಿಚಯದವರು ದಾರ್ಯಾಗ ನಿಂತು ಒಂದ್ ಗುಟುಕು ನೀರು ಕೊಟ್ರೂ ಹೆಸರು ಹೊಡದಹಾಕ್ತಾರ. ಅದು ಕಾಯ್ದೆ. ನಾಕು ದಿನ ತುಳದು, ಎಲ್ಲಾರಿಗಿಂತ ಮುಂದ ನಾನ ಇದ್ದೆ. ನಾನ! ಇನ್ನು ಎಪ್ಪತ್ತು ಎಂಬತ್ತು ಕಿಲೋಮೀಟರ್. ಆವಾಗ ಈ ತಿರುವಿನ್ಯಾಗ ನೀ ನಿಂತಿ. ಕೈಯಾಗ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ.

...ಯಾಕ ನಿಲ್ಲಿಸಿದಿ? ಬಡಿ, ಬಡಿ. ನಿನ್ನ ಚುಚ್ಚಾಕ ಹೇಳವಲ್ಲೆ ನಾ. ನಿಂದೇನು ತಪ್ಪೈತಿ? ಅಕ್ಕನ ಜೀವ. ತಮ್ಮ ಹಸದಾನ ಅಂತ ನಿಂತಿ. ನಾ ಹೆಂಗ ಒಲ್ಲೆ ಅನ್ಲಿ? ಒಡಹುಟ್ಟಿದಾಕಿ ಕೈಯಾನ ರೊಟ್ಟಿ ಒಲ್ಲೆ ಅಂದು ದಾಟಿ ಹೋದ ಗಂಡಸು ನಮ್ಮ ಪೈಕಿ ಯಾವನರ ಅದಾನೇನು? ಬ್ರೇಕ್ ಹಿಡದೆ, ತಗೊಂಡೆ, ಅಲ್ಲೇ ನಿಂತು ತಿಂದೆ. ಅಷ್ಟ! ಹಿಂದಿಂದ ಬಂದ ವಿಜಯ್ ಮೊಬೈಲಿನ್ಯಾಗ ಹಿಡದುಬಿಟ್ಟ. ನಾ ಗದ್ವಾಲ್ ಮುಟ್ಟಿ ಕೈ ಎತ್ತಿದ್ರ ಯಾರೂ ಚಪ್ಪಾಳಿ ಹೊಡೀಲಿಲ್ಲ. ರೇಸ್ ನಡಸೂ ಮಾರ್ಕಂಡೇಯ ಸರ್ ಎಲ್ಲಾರ ಮುಂದ ವಿಡಿಯೋ ತೋರಿಸಿದ್ರು. ಅಂವ, ಆ ಸೀರಿ ಅಂಗಡ್ಯಾಂವ, ನನ್ನ ಹೆಗಲಿಗೆ ಕೈ ಹಾಕಿ ‘ರೂಲ್ ಅಂಟೆ ರೂಲೇ ಕದನ್ನಾ’ ಅಂದ. ಕಾಯ್ದೆ ಅಂದ್ರ ಕಾಯ್ದೆನ ಅಲ್ಲಣ್ಣಾ ಅಂತ! ಪೆಟ್ಟು ಮರೀಬಹುದು, ಆ ಕೈ ಮರಿಯಾಕ ಆಗವಲ್ದು.

ನಿನ್ನ ಮ್ಯಾಲ ನಂಗ ಸಿಟ್ಟಿಲ್ಲಕ್ಕಾ. ಊರಾಗ ಎಲ್ಲಾರಿಗೂ ಅದನ್ನ ಹೇಳೀನಿ. ‘ನಮ್ಮಕ್ಕಗ ಕಾಯ್ದೆ ತಿಳೀಲಿಲ್ಲ, ಮಾಯಾ ತಡೀಲಿಲ್ಲ, ಆಕಿನ್ನ ಏನೂ ಅನಬ್ಯಾಡ್ರಿ’ ಅಂತ. ಅವ್ವಂದ... ಅವ್ವಂದು ನಿನಗ ಗೊತ್ತೈತಿ. ಪೆಂಟಮ್ಮ ಅಂದ್ರ ಪೆಂಟಮ್ಮನ. ಮಗನ ಹೆಸರು ಮಗಳು ತಿಂದ್ಲು ಅಂತ ಕುಂತಾಳ. ಪಂಚಮಿಗೆ ನಿನ್ನ ಕರಿಯಾಕ ಹೊಂಟಿದ್ದೆ ನಾ, ದೇವರಾಣಿ ಹೊಂಟಿದ್ದೆ. ಬಾಗಿಲಿಗೆ ಅಡ್ಡ ನಿಂತ್ಲು. ತಾಯಿ ಮಾತು ಮೀರಾಕ ಆಗ್ತೈತೇನು? ಜೋಕಾಲಿನೂ ಕಟ್ಟಲಿಲ್ಲ ನಾವು ಈ ವರ್ಷ. ...ನೀ ಹೊಸ್ತಿಲದಾಗ ನಿಂತು ದಾರಿ ನೋಡಿದಿ ಅಂತ ಮಾವ ಯಾರ ಮುಂದೋ ಅಂದ್ರಂತ. ಕೇಳೀನಿ. ಕೇಳಿ ಉಣ್ಣಾಕ ಆಗ್ಲಿಲ್ಲ ನಂಗ.

ನೀರು ಕೊಡ್ತಿಯೇನು? ...ಆತು, ನಾನ ತಗೋತೀನಿ.

ಈಗ ಕೇಳು, ಅದಕ್ಕ ಬಂದೀನಿ. ನಾಳೆ ಮುಂಜಾನಿ ಆರಕ್ಕ ಈ ವರ್ಷದ ರೇಸು. ಇವತ್ತು ನಾಕಕ್ಕ ಗದ್ವಾಲ್‌ದಾಗ ಸೈಕಲ್ ತಪಾಸಣಿ. ನಾ ರೇಸಿಗೆ ಇಳಿಯಂಗಿಲ್ಲ ಅಂತ ಎರಡು ವರ್ಷ ಬಂದಿ ಹಾಕ್ಯಾರ, ಆದ್ರ ಮಾರ್ಕಂಡೇಯ ಸರ್ ಒಂದ್ ಮಾತು ಅಂದಾರ. ಹೋದ ವರ್ಷದ್ದು ನನ್ನ ತಪ್ಪಲ್ಲ ಅಂತ ರೊಟ್ಟಿ ಕೊಟ್ಟಾಕಿನ ಬಂದು ಹೇಳಿದ್ರ, ಹೆಸರು ಮತ್ತ ಬರಕೋತಾರಂತ. ನೀ ಬರಬೇಕು. ದಾರ್ಯಾಗ ಟಂಟಂ ಗಾಡಿ ನಿಲ್ಸೀನಿ. ಬಂದು ಒಂದ್ ಮಾತು ಹೇಳಬೇಕು.

ಏನಂತ? ಹೇಳ್ತೀನಿ. ಸಿಟ್ಟಾಗಬ್ಯಾಡ. ‘ನಾ ತಾನಾಗಿ ನಿಂತಿದ್ದಲ್ಲರೀ, ನನಗ ಫೋನ್ ಬಂದಿತ್ತು. ನಿನ್ನ ತಮ್ಮ ಹಸದು ಬೀಳಾಂಗ ಅದಾನ, ರೊಟ್ಟಿ ಹಿಡಕೊಂಡು ತಿರುವಿಗೆ ನಿಂದ್ರು ಅಂತ ವಿಜಯ್ ಫೋನ್ ಮಾಡಿದ್ದ’ ಅನ್ನು. ಅಷ್ಟ ಅಕ್ಕಾ! ಅಷ್ಟಂದ್ರ ಅಂವ ಜಾಲ ಹಾಕಿದ್ದ ಅಂತಾಗ್ತೈತಿ. ನನ್ನ ಬಂದಿ ಹೋಗ್ತೈತಿ, ಅಂವಗ ಜಲ್ಮಪೂರ್ತಿ ಬೀಳ್ತೈತಿ. ಎಲ್ಲಾರ ಮುಂದ! ಆವಾಗ ನಾ ಹೋಗಿ ಅವನ ಹೆಗಲ ಮ್ಯಾಲ ಕೈ ಹಾಕ್ತೀನಿ. ‘ರೂಲ್ ಅಂಟೆ ರೂಲೇ ಕದನ್ನಾ...’ ಅಂವ ಗೆದ್ದ ಕಪ್ ತನ್ನ ಸೀರಿ ಅಂಗಡ್ಯಾಗ ಇಟ್ಟಾನಲ್ಲ, ಗಾಜಿನ ಡಬ್ಬಿ ಮಾಡಿಸಿ? ಅದನ್ನ ಅವನ ಕೈಲೆನ ತಗಸಬೇಕು ನಾ. ಗಿರಾಕಿ ನೋಡಬೇಕು. ಅವನ ಮಂದಿ ನೋಡಬೇಕು. ಅಂವ ತಲಿ ಬಗ್ಗಿಸೂದು ಒಂದ್ ಸಲ ನೋಡಿದ್ರ ಸಾಕು, ಗೆಲ್ಲದಿದ್ರೂ ನಡೀತೈತಿ ನಂಗ.

ಯಾಕ? ತವಿ ಮ್ಯಾಲ ಸೀದು ಹೋಗಾಕತ್ತೈತಿ, ರೊಟ್ಟಿ ತಿರಿವಿ ಹಾಕು. ...ಅಕ್ಕಾ, ರೊಟ್ಟಿ!

ಹಂಗ ನೋಡಬ್ಯಾಡ. ಯಾವ ನಂಬರಿಂದ ಬಂತು ಅಂತ ಯಾರ ಕೇಳ್ತಾರ? ವರ್ಷ ಆತು, ಮೊಬೈಲ್ ಬದಲಾತು ಅನ್ನು. ಹೆಣಮಗಳು ನೀ, ನಿನ್ನ ಮಾತು ಯಾರೂ ತಗದು ಹಾಕಂಗಿಲ್ಲ. ಮತ್ತ ನಿಂಗೂ ಛಲೋ ಆಗ್ತೈತಿ, ವಿಚಾರ ಮಾಡು! ತಪ್ಪು ವಿಜಯಂದು ಅಂತಾದ್ರ ಅವ್ವನ ಸಿಟ್ಟು ಅವನ ಮ್ಯಾಲ ಹೋಗ್ತೈತಿ. ನಿನ್ನ ಕರೀತಾಳ. ಉಡಿ ತುಂಬತಾಳ. ಒಂದ್ ಸುಳ್ಳಿಗೆ ಇಬ್ಬರದೂ ಕೆಲಸ... ಸುಳ್ಳು ಅಂದ್ನೇನು? ಸುಳ್ಳಲ್ಲ ಬಿಡು. ಅಂಥಾ ಕೆಲಸ ಮಾಡೂ ಮನಿಷ್ಯಾನ ಅಂವ.

ಇರು, ಇದನ್ನ ತಂದೀನಿ. ನೀ ಬರೇ ಹೇಳಿದ್ರ ಮಾರ್ಕಂಡೇಯ ಸರ್ ನಂಬ್ತಾರೋ ಇಲ್ಲೋ. ಬೀರಪ್ಪನ ಭಂಡಾರ ಇದು, ದೇವರ ಅರಿಷಿಣ, ಗುಡಿಯಾಗ ಪೂಜಾರಿ ಕಡೆ ಇಸಗೊಂಡೆ. ಇದನ್ನ ಹಚ್ಚಿಕೊಂಡು ಹೇಳಿದ್ರ ನಮ್ಮ ಕಡೆ ಯಾವನೂ ಎದುರು ಆಡಂಗಿಲ್ಲ. ಈಗ ಒಂದ್ ಸಲ ನನ್ನ ಮುಂದ ಹೇಳು. ಬಾಯಿ ಪಾಠ ಆಗ್ಲಿ.

...ಹಾಂ, ಕೈ ತೊಳಕೋ. ಹಿಟ್ಟಿನ ಕೈಲೆ ಮುಟ್ಟಬಾರ್ದು. ಬಿಚ್ಚು ಗಂಟು. ಗೊತ್ತಿತ್ತು ನಂಗ, ನೀ ಒಲ್ಲೆ ಅನ್ನಂಗಿಲ್ಲ ಅಂತ. ಅಕ್ಕ ನೀ...

ಅಲ್ಲ, ನನ್ನ ಕೈ ಯಾಕ ಹಿಡದಿ?

ಭಂಡಾರ ನನ್ನ ಅಂಗೈಗೆ ಯಾಕ ಹಾಕಾಕತ್ತಿ? ನಾ ನಿನಗ ಹೇಳಿದ್ದು! ಅಕ್ಕಾ... ಬಿಡು, ಚೆಲ್ತೈತಿ. ಇಷ್ಟ್ಯಾಕ ಹಾಕಿದಿ?

...ಹೌದು. ನೆನಪೈತಿ. ಆಣಿ ಕೇಳಾಂವ ಮೊದ್ಲ ತಾನ ಹಣಿಗೆ ಹಚ್ಚಿಕೊಂಡು ಖರೇ ನುಡೀಬೇಕು. ನಮ್ಮ ಮನ್ಯಾಗ ಅಪ್ಪ ಹಂಗ ಮಾಡ್ತಿದ್ದ. ಟಗರು ಕಳವಾದಾಗ ಆಳಿನ್ನ ಕೇಳೂಕಿಂತ ಮೊದ್ಲ ತಾನ ಹಚ್ಚಿಕೊಂಡು, ‘ನಾ ಮಾರಿಲ್ಲ, ನಾ ಕುಡದಿಲ್ಲ’ ಅಂದಿದ್ದ. ಆದ್ರ ಅದು ಅವನ ಕಾಲ. ಈಗ ಯಾರು... ಏನಾರ ಅನ್ನಕ್ಕಾ. ಬೈ. ಹೊಡಿ. ಸುಮ್ಕ ಕುಂದರಬ್ಯಾಡ.

ಹಚ್ಕೋತೀನಿ. ಹಚ್ಕೊಂಡ್ರ ಏನಾತು? ನಾ ಏನು ಕಳುವು ಮಾಡೀನಾ? ಕೇಳು. ಬೀರಪ್ಪನ ಆಣಿ, ಹೋದ ವರ್ಷ ನಮ್ಮಕ್ಕಗ ವಿಜಯ್... ವಿಜಯ್ ಫೋನ್...

ಕೈ ಬೆವತು ಹಳದಿ ಆತು ನೋಡು. ಕೆಳಗ ಚೆಲ್ಲಂಗಿಲ್ಲ, ಹಣಿಗೆ ಒಯ್ಯಾಕ ಬರವಲ್ದು. ತಗೋ ಇದನ್ನ ವಾಪಸ್. ಗಂಟಿನ್ಯಾಗ ಹಾಕ್ಕೋ. ಕೈ ಮುಂದ ಮಾಡು... ಮಾಡಂಗಿಲ್ಲಾ?

ಆತು! ನಾನ ಮಾಡಿದ್ದೆ. ನಾನ ಮಾಡಿದ್ದೆ ಫೋನು! ಬಾಯಿ ಬಿಟ್ಟು ಹೇಳ್ಲಿ ಅಂತ ಕುಂತಿಯಲ್ಲ, ಕೇಳು. ಅವ್ವ ಬಡದು ಕಟ್ಟಿದ್ದ ರೊಟ್ಟಿ ಗಂಟು ತಕ್ಕಡ್ಯಾಗ ಇಟ್ಟು ನೋಡಿ, ಭಾರ ಅಂತ ನನ್ನ ಅಂಗಡ್ಯಾಗ ಬಿಟ್ಟು ಹೋಗಿದ್ದೆ. ಟಪಾಲಿನ್ಯಾಗ ತರಿಸಿದ್ದ ಪಾಕೀಟು ಒಯ್ದಿದ್ದೆ, ಅಂಟಿನಂಥಾ ಸಿಹಿ ರಸ, ಹರದು ಬಾಯಾಗ ಹಿಂಡ್ಕೊಳ್ಳೂದು. ಮೂರನೇ ದಿನಕ್ಕ ಹೊಟ್ಟಿ ಕೆಟ್ಟು ನೀರಾತು. ಗುರುಮಠಕಲ್‌ದಾಗ ಹೋಟೆಲ್ ಇತ್ತು, ನಿಂತು ತಿನ್ನಬಹುದಿತ್ತು. ಹಿಂದ ವಿಜಯ್ ಬರಾಕತ್ತಿದ್ದ, ಮೊಬೈಲಿನ ನಕಾಶದಾಗ ಅಂವ ಎಲ್ಲದಾನ ಅಂತ ತೋರ್ಸೂ ಚುಕ್ಕಿ ನೋಡ್ತಿದ್ದೆ, ಸಾಲಿನ್ಯಾಗ ನಿಲ್ಲಾಕ ಧೈರ್ಯ ಆಗ್ಲಿಲ್ಲ. ನಿನಗ ಫೋನ್ ಹಚ್ಚಿದೆ. ಅಕ್ಕಾ, ಕಣ್ಣಿಗೆ ಕತ್ಲಿ ಬರಾಕತ್ತೈತಿ, ತಿರುವಿನ್ಯಾಗ ನಿಂದ್ರು ಅಂದೆ. ನೀ ಕೇಳಿದಿ, ‘ತಗೊಂಡ್ರ ನಡೀತೈತೇನಪಾ, ಏನೋ ಕಾಯ್ದೆ ಅಂತಿದ್ದಿ’ ಅಂತ. ಕೇಳಿದಿ ನೀ. ನಡೀತೈತಿ, ಮನಿಯವರು ಕೊಟ್ರ ನಡೀತೈತಿ ಅಂದೆ.

ಮಾರನೇ ದಿನ ಅವ್ವ ನನ್ನ ಕರಕೊಂಡು ಇಲ್ಲಿಗೇ ಬಂದು, ಇದ ಅಂಗಳದಾಗ ನಿನ್ನ ಬಾಯಿಗೆ ಬಂದಂಗ ಬೈದ್ಲು. ಓಣಿ ಮಂದಿ ನಿಂತು ನೋಡಿದ್ರು. ನೀ ನನ್ನ ಮಾರಿ ನೋಡಿದಿ. ನಾ ಬಗ್ಗಿ ಚೈನಿಗೆ ಎಣ್ಣಿ ಬಿಡ್ತಿದ್ದೆ. ಇವತ್ತು ಹೇಳ್ತಾಳ, ನಾಳೆ ಹೇಳ್ತಾಳ ಅಂತ ವರ್ಷಪೂರ್ತಿ ಅಂಜಿಕೊಂಡ ಇದ್ದೆ ನಾ. ನೀ ಹೇಳಲಿಲ್ಲ. ಮಾವಗೂ ಹೇಳಿಲ್ಲ ಅಲ್ಲಾ? ಹೇಳಿದ್ರ ಮಾವ ನನ್ನ ಈ ಅಂಗಳಕ್ಕ ಕಾಲಿಡಾಕ ಬಿಡ್ತಿದ್ದಿಲ್ಲ. ಯಾಕ ಹೇಳಲಿಲ್ಲಕ್ಕಾ? ನಾನ ಬಂದು ಹೇಳ್ಲಿ ಅಂತ ಕುಂತಿದ್ದೇನು?

ಅದಕ್ಕ ವಿಜಯಂಗ ಬೈತೀನಿ ನಾ. ಯಾರಿಗಾರ ಬೈಬೇಕಲ್ಲ...

ಮೊಬೈಲ್ ಯಾಕ ತಗದಿ? ಯಾರಿಗೆ ಹಚ್ಚಾಕತ್ತಿ? ಮಾರ್ಕಂಡೇಯ ಸರ್‌ಗಾ? ...ಅವ್ವಗಾ? ಬ್ಯಾಡ. ಅಕ್ಕಾ, ಅವ್ವಗ ಬ್ಯಾಡ, ಕಾಲು ಬೀಳ್ತೀನಿ. ರೇಸ್ ಮುಗಿಸಿ ಬಂದು ನಾನ ಹೇಳ್ತೀನಿ, ಐದು ದಿನ ಅಷ್ಟ. ಕಟ್ ಮಾಡು. ಈ ಕೈಯಾಗ ಭಂಡಾರ ಐತಿ, ಹೆಂಗ ಹಿಡೀಲಿ... ಕಿವಿಗೆ ಯಾಕ ಹಿಡೀತಿ? ನೀನ ಮಾತಾಡು. ನೀನ...

ಹಲೋ.

ಅವ್ವಾ, ನಾ ಕುರುಮಯ್ಯ. ಹೌದು, ಅಕ್ಕನ ಫೋನ. ಇಲ್ಲ, ಗದ್ವಾಲಿಗೆ ಹೋಗಿಲ್ಲ, ಅಕ್ಕನ ಮನ್ಯಾಗ ಅದೀನಿ. ...ಬೈಬ್ಯಾಡವ್ವಾ ಆಕಿನ್ನ. ಬೈಬ್ಯಾಡ, ಸ್ವಲ್ಪ ಕೇಳಿಲ್ಲಿ. ಆ ದಿನ ರೊಟ್ಟಿ ತಾ ಅಂತ ನಾನ ಫೋನ್... ಇಲ್ಲವ್ವಾ, ಆಕಿ ಏನೂ ಹೇಳಿಕೊಟ್ಟಿಲ್ಲ ನಂಗ. ನಾ ಬಂದು ತಾಸಾತು. ಆಕಿ ಇನ್ನೂತನ ಒಂದ್ ಮಾತೂ ಆಡಿಲ್ಲ.