ಹಿಂದಿನ ಬಾಗಿಲಿನಾಚೆ ಒಂದು ಬಗ್ಗಿ

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ, ತಮ್ಮ ಬಾಳೆತೋಟದ ಪಕ್ಕದ ಕೆಂಪು ಹೊಲವನ್ನು ನಮ್ಮ ಓಟಕ್ಕೆಂದೇ ಬಿತ್ತದೆ ಬಿಟ್ಟಿರುವ ಮಾನ್ಯ ನಾಗಣ್ಣನವರೇ, ವೇದಿಕೆಯ ಮೇಲಿನ ಹಿರಿಯರೇ, ಕಲಬುರಗಿಯಿಂದ ಬೆಳಗಿನ ಬಸ್ಸಿಗೇ ಬಂದಿಳಿದ ನಮ್ಮ ಮಾದರಿ ವಾಹನ ಸಂಘದ ಸದಸ್ಯರೇ, ಕಮಲಾಪುರದ ತಾಯಂದಿರೇ, ಸಭಿಕರೇ,

ಮೊದಲಿಗೆ ಒಂದು ವಿನಂತಿ. ದಯವಿಟ್ಟು ಯಾರೂ ಹಿಂದಕ್ಕೆ ತಿರುಗಿ ನೋಡಬೇಡಿ.

ನಿಮ್ಮ ಬೆನ್ನ ಹಿಂದೆ ಈ ಶಾಲೆಯ ಸಭಾಂಗಣದ ಬಾಗಿಲು ತೆರೆದಿದೆ. ಬಾಗಿಲಿನಾಚೆ ಪಡಸಾಲೆ. ಪಡಸಾಲೆಯಲ್ಲೊಂದು ಮೇಜು, ಮೇಜಿನ ಮೇಲೆ ಮಗುಚಿ ಮಲಗಿಸಿದ ಒಂದು ಬಗ್ಗಿ. ಬಗ್ಗಿ ಎಂದರೆ ಕುದುರೆ ಕಟ್ಟುವ ಬಗ್ಗಿ ಅಲ್ಲ. ಕಚ್ಚಾ ನೆಲದ ಮೇಲೆ ಓಡಲೆಂದು ಮಾಡಿದ, ಒಂದು ಮೊಳದಷ್ಟೇ ಉದ್ದದ, ದೂರ ನಿಂತು ರಿಮೋಟಿನಿಂದ ನಡೆಸುವ ಗಾಡಿ. ಬೆಳಗಿನ ಸುತ್ತುಗಳಲ್ಲಿ ಅದನ್ನು ನೀವೆಲ್ಲ ನೋಡಿದ್ದೀರಿ. ಅದು ಕಡೆಯ ಸುತ್ತಿನಲ್ಲಿ ಏದುಸಿರು ಬಿಟ್ಟದ್ದನ್ನೂ ನೋಡಿದ್ದೀರಿ. ಮೋಟಾರು ಕಿರುಚುತ್ತಿತ್ತು, ಗಾಡಿ ಮುಂದೆ ಸಾಗುತ್ತಿರಲಿಲ್ಲ. ಹೇಗೋ ತೆವಳಿಕೊಂಡು ಗೆರೆ ದಾಟಿ ಅಂತಿಮ ಸ್ಪರ್ಧೆಗೆ ಬಂತು.

ಆ ಮೇಜಿನ ಮುಂದೆ ಕುಳಿತವರು ಶ್ರೀಮತಿ ಸಕ್ಕೂಬಾಯಿ. ಕಲಬುರಗಿಯ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಆ ಗಾಡಿಯ ಚಾಲಕಿ. ನನ್ನ ಪತ್ನಿ.

ಕಾರ್ಯಕ್ರಮದ ಪ್ರಕಾರ ನನ್ನ ಭಾಷಣ ಮುಗಿದ ಕೂಡಲೇ ಅಂತಿಮ ಸ್ಪರ್ಧೆ. ಅಂದರೆ, ಗಾಡಿಯನ್ನು ಸರಿಪಡಿಸಲು ಅವರಿಗೆ ಇರುವ ಸಮಯವೆಲ್ಲ ನನ್ನ ನಾಲಿಗೆಯ ಮೇಲೆ ನಿಂತಿದೆ. ಪಾಲಿಟೆಕ್ನಿಕ್ಕಿನಲ್ಲಿ ಯಂತ್ರಶಾಸ್ತ್ರ ಕಲಿಸುವ ನಾನು ತರಗತಿಯಲ್ಲಿಯೂ ಹಲಗೆಯ ಮೇಲೆ ಬರೆಯುವುದೇ ಹೆಚ್ಚು. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಿದ್ದ ನಮ್ಮ ಅತ್ತೆಯವರು ಹಿಂದಿರುಗುವಾಗ ಕೇಳಿದರಂತೆ: "ಹುಡುಗ ಛಲೋ ಇದ್ದಾನ. ಮೂಕ ಅಲ್ಲ ಹೌದಿಲ್ಲೋ, ಅಷ್ಟು ಖಾತ್ರಿ ಮಾಡ್ಕೋರಿ." ಅಂಥವನಿಗೆ ಇಂದು ಉದ್ದ ಮಾತನಾಡುವ ಪ್ರಸಂಗ ಬಂದಿದೆ.

ಇದು ಅನ್ಯಾಯವಲ್ಲವೇ ಎಂದು ನೀವು ಕೇಳಬಹುದು. ಕೇಳಲೇಬೇಕು. ಎದುರಾಳಿ ಜನಾಬ್ ಇಮಾಮುದ್ದೀನರು ಇಲ್ಲೇ ಮೊದಲ ಸಾಲಿನಲ್ಲಿ ಗಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾರೆ. ವೇದಿಕೆ ಹತ್ತುವ ಮುನ್ನ ಅವರನ್ನೇ ಕೇಳಿದೆ. ಅವರೆಂದರು: "ಲಂಬಾ ಎಳೀರಿ ಸಾಹೇಬ್ರ. ಕುಂಟು ಗಾಡಿ ಮುಂದ ಗೆದ್ದರ ಅದೇನ್ ಗೆಲುವ್ರೀ? ಭಾಬೀ ಗಾಡಿ ನೆಟ್ಟಗಾಗ್ಲಿ. ಆಮ್ಯಾಲ ಹ್ಯಾಂಗ ಸೋಲಿಸ್ತೀನಿ ನೋಡ್ರಿ." ಆದ್ದರಿಂದ ಮಾತನ್ನು ಉದ್ದಕ್ಕೆ ಎಳೆಯುತ್ತಿದ್ದೇನೆ.

ಇನ್ನು ನಿಯಮ. ನಮ್ಮ ಸಂಘದಲ್ಲಿ ಒಂದು ನಿಯಮವಿದೆ: ಸ್ಪರ್ಧೆಯ ದಿನ ಚಾಲಕರ ಗಾಡಿಗೆ ಚಾಲಕರದೇ ಕೈ, ಚಾಲಕರದೇ ಬುದ್ಧಿ. ಹೊರಗಿನವರು ಮುಟ್ಟಬಾರದು, ಸಲಹೆಯ ಒಂದು ಶಬ್ದವನ್ನೂ ಆಡಬಾರದು. ಆಡಿದರೆ ಅಧ್ಯಕ್ಷರು ತಮ್ಮ ಮುಂದಿರುವ ಗಂಟೆ ಬಾರಿಸುತ್ತಾರೆ, ಆ ಗಾಡಿ ಹೊರಗೆ. ಈ ನಿಯಮವನ್ನು ಬರೆದವನು ನಾನು. ಬರೆಸಿದವರು ಸಕ್ಕೂಬಾಯಿಯವರು.

ಎರಡು ವರ್ಷದ ಹಿಂದೆ ಕುಸನೂರಿನ ಬಯಲಿನಲ್ಲಿ ಓಟವಿತ್ತು. ಸಕ್ಕೂಬಾಯಿಯವರು ಗೆದ್ದರು. ಬಹುಮಾನದ ಕಪ್ ಕೊಡುವ ಹೊತ್ತಿಗೆ ಗುಂಪಿನಲ್ಲಿ ಒಬ್ಬರು, ಎಲ್ಲರಿಗೂ ಕೇಳುವಂತೆ, "ಗಾಡಿ ಗಂಡಂದು, ಬುದ್ಧಿ ಗಂಡಂದು. ಅಕ್ಕಾರು ಬರೇ ರಿಮೋಟಿನ ಡಬ್ಬಿ ಹಿಡ್ಕೊಂಡು ನಿಂತಿದ್ರು," ಎಂದರು. ಜನ ನಕ್ಕರು. ನಾನು ನಗಲಿಲ್ಲ; ಆದರೆ ಬೇರೇನೂ ಹೇಳಲೂ ಇಲ್ಲ. ಸ್ಕೂಟರಿನ ಮೇಲೆ ಮನೆಗೆ ಹೊರಟೆವು. ಜಗತ್ ವೃತ್ತ ದಾಟಿದ ಮೇಲೆ ಹಿಂದಿನ ಸೀಟಿನಿಂದ ಸಕ್ಕೂಬಾಯಿಯವರ ಮಾತು ಬಂತು: "ಅವ ಅಂದಿದ್ದಕ್ಕ ನನಗ ಸಿಟ್ಟಿಲ್ಲ. ಖರೇನೇ ಅಂದಾನ. ಓಟ ಮುಗಿಯೂ ತನಾ ನನ್ನ ಕಿವ್ಯಾಗ 'ಬ್ರೇಕು, ಬ್ರೇಕು' ಅಂತ ಜಪಾ ಮಾಡಿದ್ರಿ. ಮನ್ಯಾಗ ಉಪ್ಪು ಕಡಿಮಿ ಆದರ ಮಾತಾಡೂದಿಲ್ಲ, ಇಲ್ಲಿ ಹ್ಯಾಂಗ ಬಾಯಿ ಬರ್ತದ ನಿಮಗ? ನಿಯಮ ಬರೀರಿ. ನೀವ ಬರೀರಿ."

ಬರೆದೆ.

ಇಂದು ಬೆಳಿಗ್ಗೆ ಬಸ್ಸಿಳಿಯುವಾಗ ಅವರು ಮತ್ತೆ ಹೇಳಿದರು: "ಗೆದ್ದರ ನಾ ಗೆದ್ದಂಗ, ಸೋತರ ನಾ ಸೋತಂಗ. ನಡುವ ನೀವು ಬರಬ್ಯಾಡ್ರಿ. ನಿಮ್ಮ ಬಾಯಾಗಿಂದ ಒಂದು ಮಾತು ಹೊಂಟ್ರ, ಗಾಡಿ ಅಲ್ಲೇ ಇಟ್ಟು ಇದ ಬಸ್ಸಿಗಿ ವಾಪಸ್ ಹೋಗ್ತೀನಿ."

ಈಗ ನನ್ನ ಕಷ್ಟ ನಿಮಗೆ ಅರ್ಥವಾಗಿರಬೇಕು. ಗಾಡಿಗೆ ಏನಾಗಿದೆ ಎಂಬುದು ನನಗೆ ಗೊತ್ತು. ಬೆಳಿಗ್ಗೆ ಆ ಸದ್ದು ಕಿವಿಗೆ ಬಿದ್ದ ಕ್ಷಣದಲ್ಲೇ ಗೊತ್ತಾಯಿತು. ನನ್ನ ಕೈಯಲ್ಲಿ ಧ್ವನಿವರ್ಧಕದ ಮೈಕು ಇದೆ, ಅದರ ಒಂದು ತುತ್ತೂರಿ ಪಡಸಾಲೆಯ ಕಂಬಕ್ಕೇ ಕಟ್ಟಿದೆ. ನಾನು ಏನು ಹೇಳಿದರೂ ಅಲ್ಲಿ ಕೇಳುತ್ತದೆ. ಹೇಳುವಂತಿಲ್ಲ. ಹೇಳುವುದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಹೇಳಬೇಕಾಗಿದೆ.

ಇತಿಹಾಸ ಹೇಳುತ್ತೇನೆ. ಸಾವಿರದ ಒಂಬೈನೂರ ತೊಂಬತ್ತೊಂದನೆಯ ಇಸವಿ. ಇಮಾಮುದ್ದೀನರಿಗೆ ಕಲಬುರಗಿಯ ರೋಜಾ ಬಡಾವಣೆಯಲ್ಲಿ ರೇಡಿಯೋ ದುರಸ್ತಿಯ ಅಂಗಡಿ. ಅವರ ಅಣ್ಣ ಜೆದ್ದಾದಿಂದ ಬರುವಾಗ ಒಂದು ಪೆಟ್ಟಿಗೆ ತಂದಿದ್ದರು. ಪೆಟ್ಟಿಗೆಯ ಮೇಲೆ ಹಾರುತ್ತಿರುವ ಗಾಡಿಯ ಚಿತ್ರ. ಒಳಗೆ ಗಾಡಿಯೇ ಇಲ್ಲ, ಬರೀ ಬಿಡಿಭಾಗ. ಅಳುಮುಖ ಮಾಡಿಕೊಂಡು ನಮ್ಮ ಮನೆಗೆ ಬಂದರು: "ಭಾಯಿಜಾನ್‌ಗ ಯಾರೋ ಟೋಪಿ ಹಾಕ್ಯಾರ್ರೀ. ಮುರುದಿದ್ದು ಕಟ್ಟಿ ಕೊಟ್ಟಾರ." ಮುರಿದದ್ದಲ್ಲ, ಜೋಡಿಸಿಕೊಳ್ಳಬೇಕಾದದ್ದು ಎಂದು ಸೂಚನೆಯ ಚಿತ್ರಗಳನ್ನು ನೋಡಿ ನಾನು ತಿಳಿಸಿದೆ. ಅಲ್ಲಿಂದ ನಮ್ಮ ಭಾನುವಾರಗಳು ಹೋದವು. ಅವರಿಗೆ ರೇಡಿಯೋ ಗೊತ್ತಿತ್ತು, ನನಗೆ ಗಿಯರು ಗೊತ್ತಿತ್ತು. ಇಬ್ಬರಿಗೂ ಗೊತ್ತಿಲ್ಲದೆ ಉಳಿದದ್ದು ನೆಲ.

ಕುಸನೂರಿನ ಕಪ್ಪು ನೆಲದಲ್ಲಿ ಹದ ಮಾಡಿದ ಗಾಡಿ ಕಮಲಾಪುರದ ಕೆಂಪು ನೆಲಕ್ಕೆ ಬಂದರೆ ಬೇರೆ ಗಾಡಿಯಾಗಿಬಿಡುತ್ತದೆ. ಅಲ್ಲಿ ಹೆಂಟೆ, ಬಿರುಕು, ಗಾಡಿ ಪುಟಿಯುತ್ತದೆ. ಆದ್ದರಿಂದ ಸ್ಪ್ರಿಂಗು ಮೆತ್ತಗಿರಬೇಕು, ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ ತೆಳ್ಳಗಿರಬೇಕು. ಇಲ್ಲಿ ಮೇಲೆ ಹುಡಿ, ಕೆಳಗೆ ಗಟ್ಟಿ, ಗಾಡಿ ಜಾರುತ್ತದೆ. ಸ್ಪ್ರಿಂಗು ಬದಲಿಸಿದರೆ ಟೈರು ಒಪ್ಪುವುದಿಲ್ಲ, ಟೈರು ಬದಲಿಸಿದರೆ ತಿರುವು ಒಪ್ಪುವುದಿಲ್ಲ. ಒಂದನ್ನು ಮುಟ್ಟಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಕೂಡು ಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಗುತ್ತಿದ್ದೀರಿ. ಒಳ್ಳೆಯದು. ನಾನು ಮಾತ್ರ ಮೇಜಿನ ಕಡೆ ನೋಡುತ್ತಿದ್ದೇನೆ. ಅವರು ಬ್ಯಾಟರಿ ತೆಗೆದಿಟ್ಟಿದ್ದಾರೆ. ತಳದ ಸ್ಕ್ರೂಗಳನ್ನು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಸೀರೆಯ ಸೆರಗಿನ ಮೇಲೆ ಸಾಲಾಗಿ ಇಟ್ಟುಕೊಳ್ಳುತ್ತಿದ್ದಾರೆ.

ಸಕ್ಕೂಬಾಯಿಯವರು ಈ ಆಟಕ್ಕೆ ಬಂದದ್ದು ಹೇಗೆ? ಒಂದು ಭಾನುವಾರ, ದರ್ಗಾದ ಉರುಸಿನ ಸಮಯ, ಇಮಾಮುದ್ದೀನರ ಮನೆ ತುಂಬ ನೆಂಟರು. ನನಗೆ ಜೊತೆಯಿಲ್ಲ. "ನಾ ಬರ್ಲೇನು?" ಎಂದರು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ನನ್ನೊಂದಿಗೆ ಎಲ್ಲಿಗಾದರೂ ಬರುತ್ತೇನೆಂದು ಅವರು ಕೇಳಿದ್ದು ಅದೇ ಮೊದಲಿರಬೇಕು. ಅಥವಾ ಮೊದಲೂ ಕೇಳಿದ್ದರೇನೋ, ನಾನು ಕೇಳಿಸಿಕೊಂಡಿರಲಿಕ್ಕಿಲ್ಲ. ಬಯಲಿಗೆ ಹೋದೆವು. ರಿಮೋಟು ಕೈಗೆ ಕೊಟ್ಟೆ. ಮಧ್ಯಾಹ್ನದೊಳಗೆ ಅವರ ಸುತ್ತು ನನ್ನದಕ್ಕಿಂತ ಚುರುಕಾಗಿತ್ತು. ನನ್ನ ಕಡೆ ತಿರುಗಿ, ಏನಾದರೂ ಹೇಳುತ್ತೇನೆಂದು ಕಾದು ನಿಂತರು. ನಾನು, "ಬ್ಯಾಟರಿ ಹೊಸಾದಿತ್ತು," ಎಂದೆ.

ಇದನ್ನು ಹೇಳುವ ಉದ್ದೇಶವಿರಲಿಲ್ಲ. ಸಮಯ ತುಂಬಿಸಲು ಹೊರಟವನಿಗೆ ಏನೇನೋ ಬಾಯಿಗೆ ಬರುತ್ತದೆ. ಮುಂದುವರಿಯುತ್ತೇನೆ.

ಗಾಡಿಯ ರಚನೆಯ ಬಗ್ಗೆ ಹೇಳುವುದೇ ಕ್ಷೇಮ. ಹಿಂದಿನ ಎರಡು ಗಾಲಿಗಳ ನಡುವೆ ಒಂದು ಪುಟ್ಟ ಜೋಡಣೆಯಿದೆ, ಡಿಫರೆನ್ಶಿಯಲ್. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸವನ್ನು ಅದು ಹೊಂದಿಸಿಕೊಡುತ್ತದೆ. ಎರಡು ಬಿಲ್ಲೆಗಳ ನಡುವೆ ಸಾಸಿವೆಕಾಳಿಗಿಂತ ತುಸು ದಪ್ಪದ ಉಕ್ಕಿನ ಗುಂಡುಗಳು, ಅವನ್ನು ಅದುಮಿ ಹಿಡಿಯಲು ಒಂದು ಸ್ಕ್ರೂ. ಆ ಸ್ಕ್ರೂವನ್ನು ಯಾರಾದರೂ ಕೆಂಪು ನೆಲಕ್ಕೆಂದು ಹೋದ ವಾರ ಸ್ವಲ್ಪ ಹೆಚ್ಚೇ ಸಡಿಲಿಸಿದ್ದರೆ...

ಅಧ್ಯಕ್ಷರ ಕೈ ಗಂಟೆಯ ಮೇಲೆ ಹೋಗಿದೆ. ಸರಿ. ಆ ವಾಕ್ಯವನ್ನು ನಾನು ಮುಗಿಸುವುದಿಲ್ಲ. ಸಾಮಾನ್ಯ ವಿವರಣೆ ಎಂದು ದಯವಿಟ್ಟು ಭಾವಿಸಬೇಕು.

ಪಡಸಾಲೆಯಲ್ಲಿ ಅವರು ತಲೆಯೆತ್ತಿದ್ದಾರೆ. ಸ್ಕ್ರೂಡ್ರೈವರ್ ಕೈಯಲ್ಲೇ ಇದೆ, ಕೈ ಅಲುಗುತ್ತಿಲ್ಲ. ನನ್ನನ್ನೇ ನೋಡುತ್ತಿದ್ದಾರೆ. ಮಾನ್ಯ ಅಧ್ಯಕ್ಷರೇ, ಗಂಟೆ ಬಾರಿಸುವುದಿದ್ದರೆ ಈಗಲೇ ಬಾರಿಸಿ. ನನ್ನ ತಪ್ಪಿಗೆ ಅವರನ್ನು ಅನಿಶ್ಚಯದಲ್ಲಿ ನಿಲ್ಲಿಸಬೇಡಿ.

ಕೈ ಹಿಂದಕ್ಕೆ ತೆಗೆದುಕೊಂಡಿರಿ. ಕೃತಜ್ಞನಾಗಿದ್ದೇನೆ.

ಅವರು ಮತ್ತೆ ಗಾಡಿಯ ಮೇಲೆ ಬಾಗಿದ್ದಾರೆ. ಆದರೆ ಅವರ ಕೈ ಹಿಂದಿನ ಗಾಲಿಗಳತ್ತ ಹೋಗುತ್ತಿಲ್ಲ. ನಾನು ಹೇಳಿದ ಆ ಡಿಫರೆನ್ಶಿಯಲ್ ಇರುವ ಡಬ್ಬಿಯನ್ನು ಮುಟ್ಟಲೇ ಇಲ್ಲ. ಮೋಟಾರನ್ನು ಕಳಚುತ್ತಿದ್ದಾರೆ. ಸಭಿಕರೇ, ಮೋಟಾರು ಸರಿಯಾಗಿದೆ. ಅದು ಚೆನ್ನಾಗಿ ತಿರುಗುತ್ತಿದ್ದುದನ್ನು ಊರೆಲ್ಲ ಕೇಳಿದೆ. ನಾನು ಹೇಳಿದ್ದು ಅವರ ಕಿವಿಗೆ ಬಿದ್ದಿದೆ, ಬಿದ್ದೂ ಅದನ್ನು ಪಕ್ಕಕ್ಕಿಟ್ಟಿದ್ದಾರೆ. ನನ್ನ ಮೇಲಿನ ಹಟಕ್ಕೆ ಹೀಗೆ ಮಾಡುತ್ತಿದ್ದಾರೆಯೇ? ಹಟದಿಂದ ಒಂದು ಓಟವನ್ನು ಕಳೆದುಕೊಳ್ಳಬಹುದೇ? ಇದನ್ನು ನೋಡುತ್ತಾ ಇಲ್ಲಿ ನಿಲ್ಲಬೇಕಾದವನು ಏನು ಮಾಡಬೇಕು? ಒಂದು ಲೋಟ ನೀರು ಕೊಡಿ.

ಮೋಟಾರಿನ ತುದಿಯಲ್ಲಿ ಒಂದು ಸಣ್ಣ ಗಿಯರು ಇರುತ್ತದೆ. ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ ನೋಡುತ್ತಿದ್ದಾರೆ. ಕಿಟಕಿಯ ಬೆಳಕಿಗೆ ಹಿಡಿದರು. ಈಗ ಸಣ್ಣ ಕೀಲಿಯೊಂದನ್ನು ಹಾಕಿ ಬಿಗಿ ಮಾಡುತ್ತಿದ್ದಾರೆ. ಬಲ ಹಾಕಿದ್ದಾರೆ, ಹಲ್ಲು ಕಚ್ಚಿದ್ದು ಇಲ್ಲಿಂದಲೇ ಕಾಣುತ್ತದೆ. ಮೋಟಾರು ಮತ್ತೆ ತನ್ನ ಜಾಗದಲ್ಲಿ ಕೂತಿತು. ಸ್ಕ್ರೂಗಳು ಸೆರಗಿನಿಂದ ಒಂದೊಂದಾಗಿ ಹೋಗುತ್ತಿವೆ. ಬ್ಯಾಟರಿ. ಮೊದಲು ರಿಮೋಟು ಹಚ್ಚಿದರು, ಆಮೇಲೆ ಗಾಡಿ. ಕ್ರಮ ಸರಿಯಾಗಿದೆ. ಗಾಡಿಯನ್ನು ಪಡಸಾಲೆಯ ಶಹಾಬಾದ್ ಫರಸಿಗಲ್ಲಿನ ನೆಲದ ಮೇಲೆ ಇಟ್ಟರು. ಮೂತಿಗೆ ಅಂಗೈ ಒತ್ತಿ ಹಿಡಿದಿದ್ದಾರೆ, ಮುಂದೆ ಹೋಗದಂತೆ. ಇನ್ನೊಂದು ಕೈ ರಿಮೋಟಿನ ಮೇಲೆ.

ಕೇಳಿದಿರಾ?

ತಿರುಗಿಯೇಬಿಟ್ಟಿರಿ. ಇರಲಿ, ನೋಡಿ, ಈಗ ಅಡ್ಡಿಯಿಲ್ಲ. ಆ ಚೀತ್ಕಾರ ಹಿಂದಿನ ಎರಡೂ ಗಾಲಿಗಳು ಕಲ್ಲನ್ನು ಉಜ್ಜಿದ ಸದ್ದು. ಡಿಫರೆನ್ಶಿಯಲ್ ಸಡಿಲವಾಗಿದ್ದರೆ ಗಾಲಿಗಳು ಕಲ್ಲನ್ನು ಹಾಗೆ ಉಜ್ಜಲಾರವು. ಅದು ಸಡಿಲವಾಗಿರಲಿಲ್ಲ. ಮೋಟಾರಿನ ಗಿಯರನ್ನು ಹಿಡಿದಿಡುವ ಒಂದು ಪುಟ್ಟ ಸ್ಕ್ರೂ ಸಡಿಲಗೊಂಡಿತ್ತು. ಭಾರ ಬಿದ್ದಾಗ ಮೋಟಾರು ತಿರುಗುತ್ತಿತ್ತು, ಗಿಯರು ನಿಲ್ಲುತ್ತಿತ್ತು. ಎರಡಕ್ಕೂ ಲಕ್ಷಣ ಒಂದೇ. ಬೆಳಗಿನಿಂದ ನನಗೆ ಗೊತ್ತು ಎಂದುಕೊಂಡದ್ದು ನನಗೆ ಗೊತ್ತಿರಲಿಲ್ಲ. ನನ್ನ ಮಾತು ನಂಬಿದ್ದರೆ ಅವರು ಹಿಂದಿನ ಡಬ್ಬಿ ಬಿಚ್ಚುತ್ತಿದ್ದರು, ಆ ಗುಂಡುಗಳಲ್ಲಿ ಒಂದು ಫರಸಿಯ ಸಂದಿಗೆ ಉರುಳುತ್ತಿತ್ತು, ಇಂದಿನ ಸ್ಪರ್ಧೆ ಅಲ್ಲಿಗೇ ಮುಗಿಯುತ್ತಿತ್ತು.

ಇಮಾಮುದ್ದೀನರು ಆಗಲೇ ಎದ್ದು ನಿಂತಿದ್ದಾರೆ. ಸಕ್ಕೂಬಾಯಿಯವರು ಬಾಗಿಲಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದಾರೆ. ಬೇಗ ಮುಗಿಸಬೇಕಂತೆ. ಇಷ್ಟು ಹೊತ್ತು ಮಾತು ಸಿಗದೆ ಒದ್ದಾಡಿದವನಿಗೆ ಈಗ ಮಾತು ಬರುತ್ತಿದೆ. ಆದರೆ ಸಮಯ ಅವರದು.

ಕಡೆಯದಾಗಿ ಅಧ್ಯಕ್ಷರಲ್ಲಿ ಒಂದು ಪ್ರಾರ್ಥನೆ. ಓಟ ನೋಡಲು ಅತಿಥಿಗಳಿಗೆಂದು ಹೊಲದ ಬದಿಯಲ್ಲಿ ನೆರಳು ಮಾಡಿ, ಕುರ್ಚಿ ಹಾಕಿಸಿದ್ದೀರಿ. ನನ್ನ ಕುರ್ಚಿಯನ್ನು ಬೇರೆ ಯಾರಿಗಾದರೂ ಕೊಡಿ. ನಾನು ಹಗ್ಗದ ಹತ್ತಿರ ಜನರ ನಡುವೆ ನಿಲ್ಲುತ್ತೇನೆ. ಸಲಹೆ ಕೊಡುವಂತಿಲ್ಲ ಎಂದು ನಿಯಮವಿದೆ. ಹೆಸರು ಹಿಡಿದು ಕೂಗಬಾರದೆಂದು ಎಲ್ಲಿಯೂ ಇಲ್ಲ. ಮನೆಯಲ್ಲಿ ಇಷ್ಟು ವರ್ಷ "ಇಲ್ಲಿ ನೋಡು" ಎಂದು ಕರೆದದ್ದೇ ಹೊರತು ಅವರ ಹೆಸರನ್ನು ನಾನು ಗಟ್ಟಿಯಾಗಿ ಕರೆದವನಲ್ಲ. ಇಂದು ಕರೆಯಬೇಕೆಂದಿದ್ದೇನೆ. ಧ್ವನಿ ಒಡೆದರೆ ಪಕ್ಕದಲ್ಲಿದ್ದವರು ಕ್ಷಮಿಸಬೇಕು.

ನಮಗೆ ನೆಲ ಕೊಟ್ಟ ನಾಗಣ್ಣನವರಿಗೆ, ಸಮಯ ಕೊಟ್ಟ ಇಮಾಮುದ್ದೀನರಿಗೆ, ತಾಳಿಕೊಂಡು ಕೇಳಿದ ನಿಮಗೆಲ್ಲ ನನ್ನ ಹೃತ್ಪೂರ್ವಕ ವಂದನೆಗಳು. ನಡೆಯಿರಿ, ಹೊಲಕ್ಕೆ ಹೋಗೋಣ. ನಮಸ್ಕಾರ.